ಎರಡನೇ ನೋಟದಲ್ಲಿ ಕಟ್ಟಪ್ಪ

ಕಟ್ಟಪ್ಪ ಬಾಹುಬಲಿಯನ್ನು ಕೊಂದದ್ದೇಕೆ? 2015ರ ಜುಲೈಯಿಂದ ಹೆಚ್ಚು ಕಡಿಮೆ ಎರಡು ವರ್ಷ ಈ ಪ್ರಶ್ನೆ ಚಹಾದಂಗಡಿ, ಬಸ್ ನಿಲ್ದಾಣಗಳಲ್ಲೆಲ್ಲ ಓಡಾಡಿತು. ‘ಬಾಹುಬಲಿ’ಯ ಎರಡನೇ ಭಾಗ 2017ರ ಏಪ್ರಿಲ್ 28ರಂದು ತೆರೆಕಂಡಾಗ ಉತ್ತರ ಸಿಕ್ಕಿತು. ಕುತೂಹಲ ತಣಿಯಿತು, ಚಿತ್ರವೂ ಮುಗಿಯಿತು ಎಂದುಕೊಂಡವರೇ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ಎರಡೂ ಭಾಗಗಳನ್ನು ಕತ್ತರಿಸಿ ಜೋಡಿಸಿದ ಮೂರೂಮುಕ್ಕಾಲು ಗಂಟೆಯ ಆವೃತ್ತಿ ತೆರೆಗೆ ಬಂತು. ಗುಟ್ಟು ಗೊತ್ತಿದ್ದೂ ಮತ್ತೆ ನೋಡಿದಾಗ ಎರಡನೇ ಭಾಗದ ಬೇರೊಂದು ಮುಖ ಕಾಣತೊಡಗುತ್ತದೆ.

ರಾಯಚೂರು ಜಿಲ್ಲೆಗೆ ಈ ಚಿತ್ರ ತೀರ ಹೊರಗಿನದಲ್ಲ. ನಿರ್ದೇಶಕ ಎಸ್.ಎಸ್. ರಾಜಮೌಳಿ ಹುಟ್ಟಿದ್ದು 1973ರಲ್ಲಿ, ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಬಳಿಯ ಅಮರೇಶ್ವರ ಕ್ಯಾಂಪಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯಲು ಕರಾವಳಿ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರುಗಳೇ ಈ ‘ಕ್ಯಾಂಪು’ಗಳು. ಚಿತ್ರದ ಕಥೆಗಾರರೂ ಆದ ತಂದೆ ವಿಜಯೇಂದ್ರ ಪ್ರಸಾದ್ ಅವರ ಕುಟುಂಬ ಬಂದದ್ದೂ ಹಾಗೆಯೇ.

ಕತ್ತಿವರಸೆ, ಮಾಯಾಮಂತ್ರಗಳ ಚಿತ್ರ ದಕ್ಷಿಣಕ್ಕೆ ಹೊಸದಲ್ಲ. ಉಡುಪಿ ಬಳಿಯ ಉದ್ಯಾವರದಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯರು ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ ಎನಿಸಿಕೊಂಡದ್ದೇ ಇಂಥ ಚಿತ್ರಗಳಿಂದ. ಅಲ್ಲಿ ಮಾಂತ್ರಿಕ ಮಂತ್ರ ಹಾಕುತ್ತಾನೆ, ರಾಜಕುಮಾರ ಕಲ್ಲಾಗುತ್ತಾನೆ. ಮಾಹಿಷ್ಮತಿಯಲ್ಲಿ ಮಾಂತ್ರಿಕನಿಲ್ಲ. ಆದರೆ ಮನುಷ್ಯನನ್ನು ಕಲ್ಲಾಗಿಸುವ ಮಂತ್ರ ಅಲ್ಲಿಯೂ ಇದೆ. ಅದು ಕಟ್ಟಪ್ಪನ ಪೂರ್ವಿಕರು ಸಿಂಹಾಸನಕ್ಕೆ ಕೊಟ್ಟ ಮಾತು.

ಮೊದಲ ಭಾಗದಲ್ಲಿ ನಮ್ಮ ಸುದೀಪ್ ನಟಿಸಿದ ಅಸ್ಲಂ ಖಾನ್ ಎಂಬ ವ್ಯಾಪಾರಿ ಕಟ್ಟಪ್ಪನಿಗೆ ದಾಸ್ಯದಿಂದ ಬಿಡುಗಡೆ ಕೊಡಿಸುವ ಮಾತಾಡುತ್ತಾನೆ. ಕಟ್ಟಪ್ಪ ಒಪ್ಪುವುದಿಲ್ಲ. ಆಗ ಅದು ಸ್ವಾಮಿನಿಷ್ಠೆಯಂತೆ ಕಂಡಿತ್ತು. ಎರಡನೇ ಭಾಗದಲ್ಲಿ ಅದರ ಬೆಲೆ ತಿಳಿಯುತ್ತದೆ. ಬಾಹುಬಲಿಯನ್ನು ಕೊಲ್ಲಬೇಕೆಂದು ರಾಜಮಾತೆ ಶಿವಗಾಮಿ ಆಜ್ಞಾಪಿಸುತ್ತಾಳೆ. ಕಟ್ಟಪ್ಪ ಅಂಗಲಾಚುತ್ತಾನೆ. ನೀನು ಕೊಲ್ಲುತ್ತೀಯೋ, ನಾನೇ ಕೊಲ್ಲಲೋ ಎಂದು ಆಕೆ ಕೇಳುತ್ತಾಳೆ. ಮೊದಲ ನೋಟದಲ್ಲಿ ಇದೊಂದು ತಿರುವು ಮಾತ್ರ. ಎರಡನೇ ಸಲ ಪ್ರಶ್ನೆಯೇ ಬದಲಾಗುತ್ತದೆ: ಸೇನೆಯನ್ನೇ ಎದುರಿಸಬಲ್ಲ ಈ ವೀರ ‘ಇಲ್ಲ’ ಎಂಬ ಒಂದು ಮಾತು ಹೇಳಲಾರದೆ ಹೋದದ್ದೇಕೆ? ಕುಂತಳ ರಾಜ್ಯದಲ್ಲಿ ಅವನು ಮಾಡುವ ಹಾಸ್ಯಕ್ಕೆ ಆಗ ನಕ್ಕವರಿಗೆ ಈಗ ನಗು ಅರ್ಧಕ್ಕೇ ನಿಲ್ಲುತ್ತದೆ. ತನ್ನನ್ನು ‘ಮಾಮ’ ಎಂದು ಕರೆಯುವವನನ್ನೇ ಅವನು ಹಿಂದಿನಿಂದ ಇರಿಯಲಿದ್ದಾನೆ.

ಇಂಥ ಕಟ್ಟಿಗೆ ಕನ್ನಡದಲ್ಲಿ ‘ಜೀತ’ ಎಂಬ ಹೆಸರಿದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ದೇವದುರ್ಗ, ಮಾನ್ವಿ ಸೀಮೆಗೆ ಇದು ಕಟ್ಟುಕಥೆಯಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ‘ಭಗೇಲ’ ಎಂಬ ಹೆಸರಿನ ಜೀತವಿತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೆಸರಿಸುವ ಪದ್ಧತಿಗಳ ಸಾಲಿನಲ್ಲಿ ಜೀತವೂ ಇದೆ, ಭಗೇಲವೂ ಇದೆ. ಸಾಲಕ್ಕೆ ದುಡಿಯುವುದನ್ನಷ್ಟೇ ಅಲ್ಲ, ಪರಂಪರೆಯಿಂದ ಇಳಿದುಬಂದ ಹೊಣೆಗೆ ಕಟ್ಟುಬಿದ್ದು ದುಡಿಯುವುದನ್ನೂ ಆ ಕಾಯ್ದೆ ಜೀತವೆಂದೇ ಎಣಿಸುತ್ತದೆ. ಅಪ್ಪನ ಮಾತಿಗೆ ಮಗ ಆಳಾಗುವುದು ನಿಷ್ಠೆಯಲ್ಲ, ಅಪರಾಧ. ದೇವದುರ್ಗದ ಕೂಲಿ ಕುಟುಂಬಗಳು ಮುಂಗಡ ಹಣ ಪಡೆದು ದೂರದ ಊರುಗಳಿಗೆ ಗುಳೆ ಹೋಗುವಾಗ ಅದೇ ಕಾಯ್ದೆ ನೆನಪಾಗುವುದುಂಟು.

ರಾಜಮೌಳಿ ಇದನ್ನೆಲ್ಲ ಮನಸ್ಸಿನಲ್ಲಿಟ್ಟು ಕಥೆ ಕಟ್ಟಿದರೆಂದು ಹೇಳುವಂತಿಲ್ಲ. ಚಿತ್ರದ ಒಲವು ಇರುವುದು ರಾಜವೈಭವದ ಕಡೆಗೇ. ಬಾಗಿಸಿದ ತಾಳೆಮರದಿಂದ ಸೈನಿಕರು ಕೋಟೆಯೊಳಕ್ಕೆ ಹಾರುವ ಕೊನೆಯ ಯುದ್ಧ ಮೊದಲ ಸಲ ರೋಮಾಂಚನ, ಎರಡನೇ ಸಲ ಹುಡುಗಾಟ. ಗಟ್ಟಿಯಾಗಿ ಉಳಿಯುವುದು ಅರಮನೆಯೊಳಗಿನ ಜಗಳವೇ. ಶಿವಗಾಮಿ ಕಳುಹಿಸಿದ ಉಡುಗೊರೆಗಳನ್ನು ತಿರಸ್ಕರಿಸುವ ದೇವಸೇನೆ ಮುಂದೆ ತುಂಬಿದ ಸಭೆಯಲ್ಲಿಯೂ ಅತ್ತೆಯೆದುರು ತಲೆಬಾಗುವುದಿಲ್ಲ. ಸಿಂಹಾಸನಕ್ಕೆ ‘ಇಲ್ಲ’ ಎನ್ನಬಲ್ಲವಳು ಆಕೆ. ಅದೇ ಸಭೆಯಲ್ಲಿ ಕಟ್ಟಪ್ಪ ಬಾಯಿ ಕಟ್ಟಿಕೊಂಡು ನಿಂತಿರುತ್ತಾನೆ.

ಕೊನೆಗೆ ಭಲ್ಲಾಳದೇವ ಸುಟ್ಟು ಬೂದಿಯಾಗುತ್ತಾನೆ, ಅವನ ಚಿನ್ನದ ವಿಗ್ರಹದ ತಲೆ ಹೊಳೆಯಲ್ಲಿ ತೇಲಿ ಹೋಗುತ್ತದೆ. ಮಹೇಂದ್ರ ಬಾಹುಬಲಿ ಸಿಂಹಾಸನವೇರಿ ಪ್ರಮಾಣ ಮಾಡುತ್ತಾನೆ. ಕಟ್ಟಪ್ಪನ ವಂಶದ ಕಟ್ಟು ಬಿಚ್ಚಿದ ಮಾತು ಮಾತ್ರ ಆ ಸಭೆಯಲ್ಲಿ ಕೇಳಿಬರುವುದಿಲ್ಲ.