ಮೆಲ್ಲನೆ ಕೇಳಿದ ಮಹಾನಾದ

ಪಾಶ್ಚಾತ್ಯ ಸಂಗೀತದ ಪ್ರಭೇದಗಳಲ್ಲಿ ‘ಹೆವಿ ಮೆಟಲ್’ ಎಂಬುದೊಂದುಂಟು. ಭಾರವಾದ ಲೋಹವೆಂಬುದು ಆ ಹೆಸರಿನ ಅಕ್ಷರಾರ್ಥ. ವಿದ್ಯುಚ್ಛಕ್ತಿಯಿಂದ ಧ್ವನಿಯನ್ನು ಹೆಚ್ಚಿಸಿದ ಗಿಟಾರುಗಳು, ಎದೆಗೂಡನ್ನು ನಡುಗಿಸುವ ಡ್ರಮ್ಮುಗಳು, ತಾರಸ್ಥಾಯಿಯಿಂದ ಕೆಳಗಿಳಿಯಲೊಲ್ಲದ ಗಾಯಕ, ಇವು ಅದರ ಮುಖ್ಯಾಂಗಗಳು. ನಮ್ಮ ವಾಚಕರಲ್ಲಿ ಅನೇಕರು ಇದನ್ನು ಸಂಗೀತವೆಂದು ಕರೆಯಲು ಒಪ್ಪಲಾರರು. ಆದರೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಎಷ್ಟೋ ಮನೆಗಳ ಹಿಂದಣ ಕೋಣೆಯಲ್ಲಿ ಇದನ್ನೇ ಕೇಳಿ ಬೆಳೆದ ಮಗನೋ ಸೋದರಳಿಯನೋ ಒಬ್ಬನಿರುವುದುಂಟು. ಅಂತಹವರು ಈಗ ನಲವತ್ತು ಐವತ್ತು ವಯಸ್ಸು ದಾಟಿದ ಗೃಹಸ್ಥರು. ಮಕ್ಕಳ ಪರೀಕ್ಷೆ, ಮನೆಯ ಕಂದಾಯ, ರಕ್ತದೊತ್ತಡಗಳ ಚಿಂತೆಯುಳ್ಳವರು. ಇವರಲ್ಲಿ ಕೆಲವರನ್ನು, ಅದರಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳಾದವರನ್ನು, ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಇವರೆಲ್ಲರ ಮಾತೂ ಕಡೆಗೆ ಬಂದು ನಿಲ್ಲುವುದು ‘ಐರನ್ ಮೇಡನ್’ ಎಂಬ ಆಂಗ್ಲರ ತಂಡದಲ್ಲಿ. 1975ರ ಕ್ರಿಸ್‌ಮಸ್ ದಿನ ಲಂಡನ್ನಿನ ಪೂರ್ವಭಾಗದ ಲೇಟನ್ ಎಂಬಲ್ಲಿ ಸ್ಟೀವ್ ಹ್ಯಾರಿಸ್ ಎಂಬವರು ಇದನ್ನು ಕಟ್ಟಿದರು. ಇವರು ನುಡಿಸುವುದು ಮಂದ್ರಸ್ವರದ ಗಿಟಾರು. ಮೊದಲನೆಯ ಧ್ವನಿಮುದ್ರಿಕೆ 1980ರಲ್ಲಿ ಹೊರಬಂದಿತು. ಮರುವರ್ಷ ಬ್ರೂಸ್ ಡಿಕಿನ್‌ಸನ್ ಎಂಬವರು ಗಾಯಕರಾಗಿ ಸೇರಿದ ಬಳಿಕ ತಂಡದ ಕೀರ್ತಿ ದೇಶದೇಶಗಳಿಗೆ ಹಬ್ಬಿತು. ಇವರ ಮುದ್ರಿಕೆಗಳ ಹೊದಿಕೆಯ ಮೇಲೆ ‘ಎಡ್ಡಿ’ ಎಂಬ ಪ್ರೇತರೂಪದ ಚಿತ್ರವಿರುವುದು. ಆ ಚಿತ್ರವುಳ್ಳ ಕಪ್ಪು ಅಂಗಿಯನ್ನು ಶುಕ್ರವಾರದ ದಿನ ಮನೆಯಲ್ಲಿ ತೊಡಬಾರದೆಂದು ತಾಯಂದಿರು ವಿಧಿಸಿದ್ದುದೂ, ಮಕ್ಕಳು ಅದನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟು ಬೀದಿಯ ತಿರುವಿನಲ್ಲಿ ಸರಿಪಡಿಸಿಕೊಳ್ಳುತ್ತಿದ್ದುದೂ ನನಗೆ ಮೂರು ನಾಲ್ಕು ಮನೆಗಳಿಂದ ಕೇಳಿಬಂದಿದೆ. ಚಿತ್ರವು ಸುಂದರವೆಂದು ನಾನೂ ಹೇಳಲಾರೆ.

ಹಾಡುಗಳ ವಸ್ತುವಿನ ಮಾತು ಬೇರೆ. 1983ರ ಒಂದು ಹಾಡಿನ ವಸ್ತು 1854ರಲ್ಲಿ ಕ್ರೈಮಿಯಾದ ಬಾಲಕ್ಲಾವದಲ್ಲಿ ಫಿರಂಗಿಗಳ ಬಾಯಿಗೆ ನುಗ್ಗಿ ಮಡಿದ ಅಶ್ವದಳದ ಕಥೆ. ಟೆನಿಸನ್ ಕವಿ ಪದ್ಯ ಬರೆದುದೂ ಆ ಸಂಗತಿಯ ಮೇಲೆಯೇ. 1984ರ ಮತ್ತೊಂದು ಹಾಡು ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥನಕಾವ್ಯವನ್ನು ಸುಮಾರು ಹದಿನಾಲ್ಕು ನಿಮಿಷಗಳಷ್ಟು ವಿಸ್ತರಿಸಿ ಹೇಳುವುದು. ಅಲೆಕ್ಸಾಂಡರನ ದಿಗ್ವಿಜಯದ ಮೇಲೊಂದು ಹಾಡಿದೆ. 2006ರ ಮುದ್ರಿಕೆಯಲ್ಲಿ ಪರಮಾಣು ಬಾಂಬನ್ನು ಕುರಿತ ಹಾಡಿಗೆ, ಸಾವಿರ ಸೂರ್ಯರಿಗಿಂತಲೂ ಮಿಗಿಲಾದ ಬೆಳಕು ಎಂಬರ್ಥದ ಹೆಸರಿದೆ. ಗೀತೆಯ ಹನ್ನೊಂದನೆಯ ಅಧ್ಯಾಯವನ್ನು ಓದಿದವರಿಗೆ ಈ ಉಪಮೆಯ ಮೂಲ ಎಲ್ಲಿಯದೆಂದು ಹೇಳಬೇಕಾದುದಿಲ್ಲ.

ಇವರ ಲಯವನ್ನು ಕುರಿತು ಒಂದು ಮಾತು. ಹ್ಯಾರಿಸರ ಬೆರಳುಗಳಿಂದ ಹೊರಡುವ ಪ್ರಸಿದ್ಧವಾದ ನಡೆಯೊಂದಿದೆ. ಅದನ್ನು ಅಭಿಮಾನಿಗಳು ಕುದುರೆಯ ನಾಗಾಲೋಟವೆಂದು ಕರೆಯುವರು. ಒಂದು ದೀರ್ಘಘಾತ, ಅದರ ಅರ್ಧಕಾಲದ ಎರಡು ಹ್ರಸ್ವಘಾತಗಳು, ಹೀಗೆಯೇ ಎಡೆಬಿಡದೆ ಆವೃತ್ತಿ. ಛಂದಸ್ಸು ಬಲ್ಲವರು ಕೂಡಲೇ ಗುರುತಿಸುವರು: ಗುರು, ಲಘು, ಲಘು, ಇದು ಭಗಣವಲ್ಲದೆ ಬೇರಲ್ಲ. ಸಂಸ್ಕೃತದಲ್ಲಿ ಅಶ್ವಧಾಟಿ ಎಂಬ ಹೆಸರಿನ ವೃತ್ತವೇ ಇರುವುದರಿಂದ, ಓಡುವ ಕುದುರೆಯ ಗೊರಸಿನ ಸದ್ದು ಕವಿಗಳ ಕಿವಿಗೂ ಹೊಸದಲ್ಲ. ಬಸವನಗುಡಿಯಲ್ಲಿ ಚಿಕ್ಕಂದಿನಿಂದ ಮೃದಂಗ ಕಲಿತ ನನ್ನ ಶಿಷ್ಯನೊಬ್ಬನು, ಆ ಬಾಲಕ್ಲಾವದ ಹಾಡನ್ನು ಮೊದಲ ಸಲ ಕೇಳಿದಾಗ ತನ್ನ ಕೈ ತಾನಾಗಿಯೇ ತೊಡೆಯ ಮೇಲೆ ‘ತಾಂ ತಕ ತಾಂ ತಕ’ ಎಂದು ನುಡಿಸತೊಡಗಿತೆಂದು ಹೇಳಿದನು. ಈತನ ವಿಷಯ ಮುಂದೆ ಬರುವುದು.

ಲೋಕದಲ್ಲಿ ಅತ್ಯಂತ ಗಟ್ಟಿಯಾದ ಈ ಸಂಗೀತವನ್ನು ನಮ್ಮ ಊರಿನವರು ಅತ್ಯಂತ ಮೆಲ್ಲನೆ ಕೇಳಿದರೆಂಬುದು ಈ ವಿಚಾರಣೆಯಲ್ಲಿ ನನಗೆ ವಿಶೇಷವಾಗಿ ಕಂಡುಬಂದ ಸಂಗತಿ. ಇದಕ್ಕೆ ಕಾರಣ ನಮ್ಮ ಮನೆಗಳು. ಚಾಮರಾಜಪೇಟೆಯ ವಠಾರವೊಂದರಲ್ಲಿ ಬೆಳೆದು ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಒಬ್ಬರನ್ನು ಉದಾಹರಣೆಗೆ ಹೇಳಬಹುದು. ಒಂದು ಅಂಗಳಕ್ಕೆ ಐದು ಮನೆ. ಮನೆಮನೆಗೂ ನಡುವೆ ಒಂದೇ ಗೋಡೆ. ಸಂಜೆ ಒಂದು ಕಡೆ ವಿಷ್ಣುಸಹಸ್ರನಾಮ, ಇನ್ನೊಂದು ಕಡೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ. 1988ರಲ್ಲಿ ಪಿ.ಯು.ಸಿ. ಓದುತ್ತಿದ್ದ ಇವರು ಟೇಪ್ ರೆಕಾರ್ಡರಿನ ಧ್ವನಿಯನ್ನು ತೀರ ಕೆಳಗಿಳಿಸಿ, ಪೆಟ್ಟಿಗೆಯನ್ನು ಹಾಸಿಗೆಯ ಮೇಲಿಟ್ಟು, ಅದಕ್ಕೆ ಕಿವಿಯೊತ್ತಿ ಮಲಗುತ್ತಿದ್ದರು. “ಸಾರ್, ಪಕ್ಕದ್ಮನೆ ಅಜ್ಜಿ ಕೆಮ್ಮಿದ್ರೆ ನಂಗೆ ಹಾಡು ಕೇಳಿಸ್ತಿರಲಿಲ್ಲ” ಎಂದರು.

ಆಗ ಪರದೇಶದ ಧ್ವನಿಮುದ್ರಿಕೆಗಳು ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಸಿಕ್ಕಿದರೂ ವಿದ್ಯಾರ್ಥಿಗಳ ಕೈಗೆಟುಕುತ್ತಿರಲಿಲ್ಲ. ಖಾಲಿ ಕ್ಯಾಸೆಟ್ಟೊಂದನ್ನು ಕೊಂಡು ಅಂಗಡಿಯವನ ಕೈಯಲ್ಲಿ ಕೊಟ್ಟರೆ, ಅವನು ತನ್ನಲ್ಲಿದ್ದ ಮುದ್ರಿಕೆಯಿಂದ ಅದಕ್ಕೆ ತುಂಬಿಕೊಡುತ್ತಿದ್ದನು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಪಕ್ಕವೊಂದಕ್ಕೆ ನಲವತ್ತೈದು ನಿಮಿಷ. ನಾವಿಕನ ಹಾಡಿರುವ ‘ಪವರ್‌ಸ್ಲೇವ್’ ಮುದ್ರಿಕೆಯಾದರೋ ಐವತ್ತೊಂದು ನಿಮಿಷದ್ದು. ಆ ಹಾಡು ಅದರಲ್ಲಿ ಕಟ್ಟಕಡೆಯದು. ಅಂಗಡಿಯವನು ಒಂದೇ ಪಕ್ಕಕ್ಕೆ ತುಂಬಿದ. ಪರಿಣಾಮವೇನೆಂದರೆ, ಗಾಳಿ ಬಿದ್ದುಹೋಗಿ ಹಡಗು ನಡುಗಡಲಿನಲ್ಲಿ ನಿಶ್ಚಲವಾಗಿ ನಿಂತು, ವಾದ್ಯಗಳೆಲ್ಲ ಅಡಗಿ, ಹಲಗೆಗಳು ಕಿರುಗುಟ್ಟುವ ಸದ್ದು ಮಾತ್ರ ಉಳಿಯುವ ಭಾಗದಲ್ಲಿ ಸುರುಳಿ ಮುಗಿದು ಗುಂಡಿ ‘ಟಕ್’ ಎಂದು ಮೇಲಕ್ಕೇಳುತ್ತಿದ್ದಿತು. ಹಡಗು ದಡ ಸೇರಿತೇ ಇಲ್ಲವೇ ಎಂಬುದು ಈ ತರುಣನಿಗೆ ತಿಳಿಯಲಿಲ್ಲ. ಕಡೆಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯಲ್ಲಿ ಕೋಲ್‌ರಿಜನ ಪದ್ಯಗಳ ಪುಸ್ತಕವನ್ನು ಚೌಕಾಸಿ ಮಾಡಿ ತಂದು, ಮಿಕ್ಕ ಕಥೆಯನ್ನು ಓದಿಕೊಂಡನು. ಪಠ್ಯಪುಸ್ತಕ ಹಿಡಿಸಲು ನಾವು ಉಪಾಧ್ಯಾಯರು ಪಟ್ಟ ಪಾಡನ್ನು ನೆನೆದರೆ, ಆ ಅಂಗಡಿಯವನ ಅರೆಕೊರೆ ಕೆಲಸಕ್ಕೆ ಕೈಮುಗಿಯಬೇಕು ಎನಿಸುತ್ತದೆ.

ಮಲ್ಲೇಶ್ವರದ ಒಬ್ಬ ಮಹಿಳೆಯ ಅನುಭವವೂ ಇದೇ ಬಗೆಯದು. ಆಕೆ ವೀಣೆ ಕಲಿತವರು. ಅಣ್ಣನೊಡನೆ ಮಹಡಿಯ ಮೆಟ್ಟಿಲ ಮೇಲೆ ಕುಳಿತು, ವಾಕ್‌ಮನ್ನಿನ ತಂತಿಯ ಒಂದು ತುದಿ ಅವನ ಕಿವಿಗೆ, ಇನ್ನೊಂದು ತನ್ನ ಕಿವಿಗೆ ಸಿಕ್ಕಿಸಿಕೊಂಡು ಕೇಳಿದರಂತೆ. ಮೂರು ಗಿಟಾರುಗಳ ತಂಡವಾದುದು 1999ರಲ್ಲಿ. ಆಗ ಇದ್ದುದು ಎರಡು. ಎಡಗಿವಿಗೆ ಒಬ್ಬನ ವಾದನ, ಬಲಗಿವಿಗೆ ಇನ್ನೊಬ್ಬನದು ಹೆಚ್ಚಾಗಿ ಕೇಳುವಂತೆ ಮುದ್ರಿಸಿರುವುದುಂಟಾದುದರಿಂದ, ಅಣ್ಣತಂಗಿಯರು ಒಂದೇ ಹಾಡನ್ನು ಬೇರೆ ಬೇರೆಯಾಗಿ ಕೇಳಿ, ಆಮೇಲೆ ಜಗಳವಾಡುತ್ತಿದ್ದರು. ಅಣ್ಣನು ಉದ್ಯೋಗನಿಮಿತ್ತ ಅಮೆರಿಕಕ್ಕೆ ತೆರಳಿದನು.

ಹೀಗೆ ಹದಿನೈದು ಇಪ್ಪತ್ತು ವರ್ಷಗಳ ಕಾಲ ಗೋಡೆಗಳಿಗೆ ಹೆದರಿ ಕೇಳಿದವರ ಪಾಲಿಗೆ 2007ನೆಯ ಮಾರ್ಚ್ 17ನೆಯ ಶನಿವಾರ ಬಂದಿತು. ಅಂದು ಐರನ್ ಮೇಡನ್ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಈ ಪ್ರಕಾರದಲ್ಲಿ ಇಷ್ಟು ದೊಡ್ಡ ಹೆಸರಿನ ತಂಡ ಭಾರತಕ್ಕೆ ಬಂದುದು ಅದೇ ಮೊದಲೆಂದು ಅಭಿಮಾನಿಗಳು ಎಣಿಸುವರು. ದೆಹಲಿಯ ‘ಪರಿಕ್ರಮ’ ತಂಡವು ಮೊದಲು ಹಾಡಿತು. ವ್ಯಯ ಸಂವತ್ಸರದ ಫಾಲ್ಗುಣ ಬಹುಳ. ಯುಗಾದಿಗೆ ಇನ್ನು ಎರಡು ಮೂರು ದಿನ. ಪರೀಕ್ಷೆಗಳ ಕಾಲ ಬೇರೆ. ಅದೇ ಸಾಯಂಕಾಲ ವೆಸ್ಟ್ ಇಂಡೀಸಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಪಂದ್ಯ: ನಮ್ಮ ಊರಿನ ರಾಹುಲ್ ದ್ರಾವಿಡರ ನಾಯಕತ್ವದಲ್ಲಿ ಭಾರತವು ಬಾಂಗ್ಲಾದೇಶದ ಮೇಲೆ ಆಡುತ್ತಿದ್ದಿತು. ಬೆಂಗಳೂರಿಗರು ಕ್ರಿಕೆಟ್ಟನ್ನು ಬಿಟ್ಟು ಮೈದಾನಕ್ಕೆ ನಡೆದರೆಂದರೆ ಅಭಿಮಾನದ ಪ್ರಮಾಣವನ್ನು ಊಹಿಸಬಹುದು. ಮುಂಬಯಿ, ಕಲ್ಕತ್ತ, ಈಶಾನ್ಯ ಭಾರತಗಳಿಂದಲೂ ರೈಲಿನಲ್ಲಿ ಬಂದವರಿದ್ದರು.

ಮಲ್ಲೇಶ್ವರದ ಆಕೆಗೆ ಆ ವೇಳೆಗೆ ಮದುವೆಯಾಗಿ ಎರಡು ವರ್ಷದ ಕೂಸಿತ್ತು. ಅತ್ತೆಯವರಲ್ಲಿ ಕೇಳಿದಾಗ ಅವರು “ಯಾರ ಕಚೇರಿಯಮ್ಮ?” ಎಂದರಂತೆ. “ಇಂಗ್ಲಿಷಿನವರದ್ದು” ಎಂದು ಸೊಸೆ. ಕಚೇರಿಯೆಂದ ಮೇಲೆ ತಡವಾಗುವುದೆಂದು ಅತ್ತೆಯವರು ಡಬ್ಬಿಯಲ್ಲಿ ಮೊಸರನ್ನ, ಮಾವಿನಮಿಡಿ ಕಟ್ಟಿಕೊಟ್ಟರು. ಬಾಗಿಲಿನ ಕಾವಲಿನವರು ಡಬ್ಬಿಯನ್ನು ಒಳಗೆ ಬಿಡಲಿಲ್ಲ. ದಂಪತಿಗಳು ಅಲ್ಲಿಯೇ ಗೋಡೆಯ ಪಕ್ಕದಲ್ಲಿ ನಿಂತು ಉಂಡು ಒಳಹೊಕ್ಕರು. ಹಾಡು ನಡೆಯುತ್ತಿದ್ದಾಗ ಆಕೆ ಅಣ್ಣನಿಗೆ ದೂರವಾಣಿ ಮಾಡಿ, ಮೊಬೈಲನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಅಲ್ಲಿ ಬೆಳಗಿನ ಹೊತ್ತು. ಅವನಿಗೆ ಕೇಳಿಸಿದುದು ಗೊರಗೊರ ಸದ್ದು ಮಾತ್ರ. ಆದರೂ ಅವನು ಕೆಳಗಿಡಲಿಲ್ಲ. ಕಾಸು ಮುಗಿದು ಸಂಪರ್ಕ ತಾನಾಗಿಯೇ ಕಡಿದುಹೋಯಿತು.

ಆ ಸಂಜೆ ಏನು ನೆನಪಿದೆ ಎಂದು ಕೇಳಿದರೆ, ಯಾರೂ ವಾದನದ ಸೊಗಸನ್ನು ಮೊದಲು ಹೇಳುವುದಿಲ್ಲ. ಹತ್ತಾರು ಸಾವಿರ ಜನರ ಕಂಠವನ್ನು ಹೇಳುತ್ತಾರೆ. ಕತ್ತಲೆಯ ಭಯವನ್ನು ಕುರಿತ ಹಾಡೊಂದಿದೆ, 1992ರದು. ಅದರಲ್ಲಿ ಗಿಟಾರಿನ ಆಲಾಪಕ್ಕೆ ಸಭಿಕರೇ ದನಿಗೂಡಿಸುವುದು ರೂಢಿ. ಚಾಮರಾಜಪೇಟೆಯವರು ಹೇಳಿದುದು ಹೀಗೆ: “ಈ ಊರಲ್ಲಿ ಇದನ್ನ ಕೇಳೋರು ನಾವು ಏಳೆಂಟು ಜನ ಅಂದ್ಕೊಂಡಿದ್ದೆ ಸಾರ್. ತಿರುಗಿ ನೋಡಿದ್ರೆ ಕೊನೇನೇ ಕಾಣ್ಲಿಲ್ಲ.” 1939ರಲ್ಲಿ ಆರಂಭವಾಗಿ, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆಯುವ ರಾಮಸೇವಾ ಮಂಡಲಿಯ ರಾಮನವಮಿ ಉತ್ಸವದಲ್ಲಿ, ಚಪ್ಪರದೊಳಗೆ ಜಾಗ ಸಿಕ್ಕದೆ ಹೊರಗೆ ರಸ್ತೆಯಂಚಿನಲ್ಲಿ ನಿಂತು ಕೇಳುವ ರಸಿಕರ ಮುಖಗಳನ್ನು ನೋಡಿದವರಿಗೆ ಈ ಭಾವವು ಅಪರಿಚಿತವೆನಿಸದು.

ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳಿರುವುದರಿಂದ, ಇಂತಹ ಕಚೇರಿಗಳು ನಮ್ಮಲ್ಲಿ ಬೇಗ ಮುಗಿಯಬೇಕು. ಬಸವನಗುಡಿಯ ತಂದೆಯೊಬ್ಬರು ಮಗನನ್ನು ಕರೆತರಲು ಸ್ಕೂಟರಿನಲ್ಲಿ ಹೋಗಿ ಬಾಗಿಲಿನ ಬಳಿ ನಿಂತಿದ್ದರು. ಮನೆಯಲ್ಲಿ ಪಂದ್ಯವನ್ನು ಅರ್ಧಕ್ಕೆ ಬಿಟ್ಟು ಬಂದವರು. ಭಾರತದ ಆಟಗಾರರು ಒಬ್ಬರ ಹಿಂದೊಬ್ಬರು ಔಟಾಗುತ್ತಿದ್ದುದನ್ನು ಕಂಡು ಮುಖ ಸಣ್ಣದಾಗಿದ್ದಿತು. ಮಗನು ಬೆವರಿನಲ್ಲಿ ತೊಯ್ದು, ಗಂಟಲು ಕಟ್ಟಿ, ಹೊರಬಂದನು. ತಂದೆ ಪಂದ್ಯದ ಮಾತೆತ್ತಲಿಲ್ಲ. “ಹೇಗಿತ್ತೋ?” ಎಂದರು. ಮಗನಿಗೆ ಕಿವಿ ಮುಚ್ಚಿಹೋದಂತಾಗಿ ಅದು ಕೇಳಿಸಲಿಲ್ಲ. ಭಾರತ 191ಕ್ಕೆ ಮುಗಿದು ಐದು ವಿಕೆಟ್ಟುಗಳಿಂದ ಸೋತಿತೆಂಬುದು ಅವನಿಗೆ ಬೆಳಗ್ಗೆ ಪತ್ರಿಕೆ ನೋಡಿದ ಮೇಲೆಯೇ ತಿಳಿದುದು.

ಈ ಮಗನೇ ಮೇಲೆ ಹೇಳಿದ ಮೃದಂಗದ ಶಿಷ್ಯ. ಅವನ ಕಿವಿಯ ಕಥೆಯನ್ನು ಹೇಳದೆ ಬಿಟ್ಟರೆ ಗೃಹಸ್ಥರಿಗೆ ಅನ್ಯಾಯ ಮಾಡಿದಂತೆ. ಆ ಒಂದು ರಾತ್ರಿಯಿಂದ ಕೆಟ್ಟುದಲ್ಲ. ಕಾಲೇಜಿನ ದಿನಗಳಲ್ಲಿ ತಾನೇ ಒಂದು ತಂಡ ಕಟ್ಟಿಕೊಂಡು, ಮುಚ್ಚಿದ ಗ್ಯಾರೇಜಿನೊಳಗೆ ವರ್ಷಗಟ್ಟಲೆ ಡ್ರಮ್ಮು ಬಾರಿಸಿದ್ದನು. ಈಗ ಅವನ ಕಿವಿಯಲ್ಲಿ ಹಗಲಿರುಳು ಜೀರುಂಡೆಯ ಸದ್ದು. ಸುಶ್ರುತಸಂಹಿತೆಯು ಇದನ್ನು ಕರ್ಣನಾದವೆಂದು ಹೆಸರಿಸಿದೆ. ಮೇಲಿನ ಸ್ವರಗಳು ಮಂದವಾಗಿ, ಮೃದಂಗವನ್ನು ಶ್ರುತಿಗೆ ಕೂಡಿಸುವಾಗ ಕಿವಿಯನ್ನು ನಂಬಲಾರದೆ, ಮೊಬೈಲಿನ ಪರದೆಯ ಮೇಲಿನ ಮುಳ್ಳನ್ನು ನೋಡಿ ಕಲ್ಲಿನಿಂದ ತಟ್ಟುತ್ತಾನೆ. “ಗುರುಗಳ ಎದುರಿಗೆ ಮಾತ್ರ ಹಾಗೆ ಮಾಡೋಕ್ಕೆ ಮನಸ್ಸು ಬರಲ್ಲ ಮೇಷ್ಟ್ರೇ” ಎಂದನು. ಕಿವಿಯ ಒಳಗೆ ಶಂಖದಾಕಾರದ ಅಂಗವೊಂದಿದ್ದು, ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಅತಿಶಬ್ದದಿಂದ ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಮೂರು ಡೆಸಿಬೆಲ್ ಏರಿದಂತೆಲ್ಲ ಕಾಲವನ್ನು ಅರ್ಧಕ್ಕಿಳಿಸಬೇಕು. ಆ ಲೆಕ್ಕದಲ್ಲಿ ನೂರು ಡೆಸಿಬೆಲ್ಲಿಗೆ ದೊರೆಯುವುದು ಕಾಲುಗಂಟೆ. ಇಂತಹ ಕಚೇರಿಗಳು ನೂರನ್ನು ಸುಲಭವಾಗಿ ಮೀರುವುವು, ಎರಡು ಗಂಟೆಯಾದರೂ ನಡೆಯುವುವು. ಹತ್ತಿ ತುರುಕಿದರೆ ಸಾಲದು. ಔಷಧದ ಅಂಗಡಿಯಲ್ಲಿ ಸಿಕ್ಕುವ, ಹಿಂಡಿ ಕಿವಿಯೊಳಗಿಟ್ಟರೆ ಉಬ್ಬಿಕೊಳ್ಳುವ ಮೆತ್ತನೆಯ ಬಿರಡೆ ಬೇಕು. ಮಕ್ಕಳನ್ನು ಹೋಗಬೇಡಿರೆಂದು ತಡೆಯುವುದಕ್ಕಿಂತ ಒಂದು ಜೊತೆ ಬಿರಡೆ ಕೊಡಿಸಿ ಕಳುಹಿಸುವುದು ನನಗೆ ಸರಿಕಾಣುತ್ತದೆ.

ತಂಡವು 2009ರ ಫೆಬ್ರವರಿ 15ರಂದು ಮತ್ತೆ ಅರಮನೆ ಮೈದಾನಕ್ಕೆ ಬಂದಿತು. ಆ ಪ್ರವಾಸಕ್ಕೆ 1980ರ ದಶಕದ ಹಳೆಯ ಹಾಡುಗಳನ್ನೇ ಹೆಚ್ಚಾಗಿ ಆರಿಸಿಕೊಂಡಿದ್ದರು. 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ಎಂಬ ಅಮೆರಿಕದ ತಂಡವೂ ಅಲ್ಲಿಯೇ ಹಾಡಿತು. ನಮ್ಮ ಊರಿನಲ್ಲಿಯೇ 1998ರಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ತಂಡವು 2013ರಲ್ಲಿ ಜರ್ಮನಿಯ ವಾಕನ್ ಎಂಬ ಹಳ್ಳಿಯ ಪ್ರಸಿದ್ಧ ಲೋಹಸಂಗೀತೋತ್ಸವದಲ್ಲಿ ಹಾಡಿಬಂದಿತು. ಆದರೆ ನಾನು ಮಾತನಾಡಿಸಿದವರು ಲೆಕ್ಕ ಹಾಕುವುದು 2007ರಿಂದಲೇ.

ಅವರಂತೆ ಆ ಕಲಾವಿದರಿಗೂ ವಯಸ್ಸಾಯಿತು. ಗಾಯಕ ಡಿಕಿನ್‌ಸನ್ನರು ನಾಲಗೆಯ ಕ್ಯಾನ್ಸರಿನಿಂದ ನರಳಿ, ಗುಣಹೊಂದಿ, ಮತ್ತೆ ವೇದಿಕೆಗೆ ಬಂದರು. ನಲವತ್ತು ವರ್ಷಕ್ಕೂ ಮೀರಿ ಡ್ರಮ್ಮು ನುಡಿಸಿದ ನಿಕೋ ಮೆಕ್‌ಬ್ರೇನರಿಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ತಗಲಿತು. ಕೈ ಹಿಡಿತಕ್ಕೆ ಬಂದಷ್ಟರಲ್ಲಿಯೇ ಅವರು ಪ್ರವಾಸಕ್ಕೆ ಹೊರಟರು. ವೇಗದ ಕೆಲವು ನುಡಿಕಾರಗಳನ್ನು ಬಿಟ್ಟುಕೊಟ್ಟು ನುಡಿಸಿದರು. 2024ರ ಡಿಸೆಂಬರ್ 7ರಂದು ಬ್ರೆಜಿಲ್ಲಿನ ಸಾವ್ ಪಾವ್ಲೋ ನಗರದಲ್ಲಿ ಕಡೆಯ ಸಲ ನುಡಿಸಿ ಪ್ರವಾಸದಿಂದ ನಿವೃತ್ತರಾದರು. ಈ ಸುದ್ದಿಯನ್ನು ಬಸವನಗುಡಿಯ ಶಿಷ್ಯನೇ ನನಗೆ ತಂದು ಹೇಳಿದವನು.

ಚಾಮರಾಜಪೇಟೆಯವರು ನಾವಿಕನ ಹಾಡನ್ನು ಪೂರ್ತಿಯಾಗಿ ಕೇಳಿದುದು ಎಷ್ಟೋ ವರ್ಷ ತಡೆದು ಸ್ನೇಹಿತರೊಬ್ಬರ ಮನೆಯಲ್ಲಿ; ಎದುರಿಗೆ ನಿಂತು ಕೇಳಿದುದು 2009ರಲ್ಲಿ. ಹಲಗೆ ಕಿರುಗುಟ್ಟುವ ಆ ನಿಶ್ಶಬ್ದದ ಭಾಗ ಬಂದಾಗ, ಈಗ ‘ಟಕ್’ ಎನ್ನುವುದೆಂದು ತಮ್ಮ ಮೈ ಬಿಗಿಯಿತೆಂದೂ, ಎನ್ನಲಿಲ್ಲವೆಂದೂ ಹೇಳಿ ನಕ್ಕರು. ವಠಾರವನ್ನು ಕೆಡವಿ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಕ್ಯಾಸೆಟ್ಟು ಮಾತ್ರ ಅವರಲ್ಲಿದೆ. ಟೇಪ್ ರೆಕಾರ್ಡರಿನ ಬೆಲ್ಟು ಸಡಿಲಿ ಈಗ ನಿಧಾನವಾಗಿ ಓಡುವುದರಿಂದ, ಹಾಡು ನಿಲ್ಲುವುದು ಅಂದಿನಂತೆ ಅಲ್ಲಿಯೇ ಆದರೂ, ಅಲ್ಲಿಗೆ ಬರಲು ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ.