ಬಂಗಾಳದ ಕರಾವಳಿಯಲ್ಲಿ ಮನುಷ್ಯರ ಬೇಟೆ

ಹೇಳುವವರಿಲ್ಲ, ಕೇಳುವವರಿಲ್ಲ ಎಂಬಂಥ ಅರಾಜಕತೆಯನ್ನು ಕಂಡಾಗ ಬಂಗಾಳಿಗಳು ‘ಇದೇನು ಮಗ್‌ಗಳ ಮುಲುಕೇ?’ ಎಂದು ಕೇಳುವುದುಂಟು. ಮುಲುಕ್ ಎಂದರೆ ನಾಡು. ಮಗ್ ಎಂಬುದು ಅರಾಕಾನಿನ ಜನರಿಗೆ ಬಂಗಾಳದಲ್ಲಿದ್ದ ಹೆಸರು. ಈ ನುಡಿಗಟ್ಟಿನ ಹಿಂದೆ 17ನೇ ಶತಮಾನದ ಕಹಿ ಅನುಭವವೊಂದಿದೆ. ಗಂಗಾ ನದಿಯ ಮುಖಜಭೂಮಿಯ ಹಳ್ಳಿಗಳಿಂದ ಸಾವಿರಾರು ಜನರನ್ನು ದೋಣಿಗಳಲ್ಲಿ ಹೊತ್ತೊಯ್ದು ಗುಲಾಮರನ್ನಾಗಿ ಮಾಡಿದ ಕಾಲವದು.

ಇಂದಿನ ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯವೇ ಅಂದಿನ ಅರಾಕಾನ್ ರಾಜ್ಯ. ಮ್ರೌಕ್ ಊ ಅದರ ರಾಜಧಾನಿ. ಚಿತ್ತಗಾಂಗ್ ಬಂದರು ಆಗ ಅರಾಕಾನಿನ ವಶದಲ್ಲಿತ್ತು. ಗೋವಾದ ಪೋರ್ಚುಗೀಸ್ ಆಡಳಿತದ ಹಿಡಿತಕ್ಕೆ ಸಿಗದ ಫಿರಂಗಿ ಸಾಹಸಿಗರು ಸಮೀಪದ ದಿಯಾಂಗಾದಲ್ಲಿ ನೆಲೆಸಿದ್ದರು. ಅರಾಕಾನಿನ ದೊರೆಗೆ ಅವರ ದೋಣಿ, ಬಂದೂಕುಗಳು ಬೇಕಿದ್ದವು. ಅವರಿಗೆ ದೊರೆಯ ಆಶ್ರಯ ಬೇಕಿತ್ತು. ಮೊಗಲರ ಬಂಗಾಳದ ಮೇಲಿನ ದಾಳಿಗಳು ಹೀಗೆ ಒಂದು ಕಸುಬೇ ಆಗಿಬಿಟ್ಟವು.

ಮೊಗಲ್ ಸೇನೆಯೊಡನೆ ಇದ್ದ ಇತಿಹಾಸಕಾರ ಶಿಹಾಬುದ್ದೀನ್ ತಾಲಿಶ್ ಈ ದಾಳಿಗಳ ವಿವರ ನೀಡಿದ್ದಾನೆ. ಸೆರೆಸಿಕ್ಕವರ ಅಂಗೈಗಳನ್ನು ತೂತು ಮಾಡಿ, ಬೆತ್ತದ ಸೀಳು ಪೋಣಿಸಿ, ದೋಣಿಯ ಅಟ್ಟದ ಕೆಳಗೆ ಒಬ್ಬರ ಮೇಲೊಬ್ಬರಂತೆ ತುಂಬುತ್ತಿದ್ದರು. ಕೋಳಿಗಳಿಗೆ ಕಾಳು ಎರಚುವಂತೆ ಬೆಳಿಗ್ಗೆ ಹಸಿ ಅಕ್ಕಿ ಎಸೆಯುತ್ತಿದ್ದರು. ಬದುಕುಳಿದವರನ್ನು ಅರಾಕಾನಿಗರು ಬಹುಮಟ್ಟಿಗೆ ಬೇಸಾಯಕ್ಕೆ ಹಚ್ಚಿದರೆ, ಫಿರಂಗಿಗಳು ಮಾರಿಬಿಡುತ್ತಿದ್ದರು. 1630ರ ಆಸುಪಾಸಿನಲ್ಲಿ ಅಲ್ಲಿದ್ದ ಪಾದ್ರಿ ಸೆಬಾಸ್ಟಿಯಾವೊ ಮಾನ್ರಿಕ್, ಐದು ವರ್ಷಗಳಲ್ಲಿ 18,000 ಸೆರೆಯಾಳುಗಳು ಬಂದರೆಂದು ಬರೆದಿದ್ದಾನೆ.

ಇಷ್ಟು ಜನರನ್ನು ಕೊಳ್ಳುವವರಾದರೂ ಯಾರು? ಜನಸಂಖ್ಯೆ ಕಡಿಮೆಯಿದ್ದ ಅರಾಕಾನಿಗೆ ಗದ್ದೆಗಳಲ್ಲಿ ದುಡಿಯುವ ಕೈಗಳು ಬೇಕಿದ್ದವು. ಡಚ್ ಈಸ್ಟ್ ಇಂಡಿಯಾ ಕಂಪನಿಯು ಅಲ್ಲಿಂದ ಅಕ್ಕಿಯ ಜೊತೆಗೆ ಗುಲಾಮರನ್ನೂ ಖರೀದಿಸಿ ಬಟೇವಿಯಾಕ್ಕೆ, ಅಂದರೆ ಇಂದಿನ ಜಕಾರ್ತಕ್ಕೆ, ಸಾಗಿಸುತ್ತಿತ್ತು. ದಾಳಿಕೋರರ ಕ್ರೌರ್ಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ದಶಕಗಟ್ಟಲೆ ಈ ಬೇಟೆ ನಡೆಯಲು ಕಾರಣ, ಲೆಕ್ಕಪುಸ್ತಕದಲ್ಲಿ ಬರೆದಿಟ್ಟು ಹಣ ತೆರುತ್ತಿದ್ದ ಈ ಗಿರಾಕಿಗಳು ಎಂಬುದನ್ನು ಮರೆಯುವಂತಿಲ್ಲ.

ಮೊಗಲರ ದೌರ್ಬಲ್ಯವೂ ಇದಕ್ಕೆ ನೆರವಾಯಿತು. ನೆಲದ ಮೇಲೆ ಅವರ ಅಶ್ವದಳಕ್ಕೆ ಎದುರಿರಲಿಲ್ಲ. ಆದರೆ ಉಬ್ಬರವಿಳಿತದ ನೂರಾರು ಕಾಲುವೆಗಳಲ್ಲಿ ಕುದುರೆ ಏನು ಮಾಡೀತು? ಅವರ ನದಿ ನೌಕಾದಳ ಹಾಳುಬಿದ್ದಿತ್ತು. 1664ರಲ್ಲಿ ಬಂಗಾಳದ ಸುಬೇದಾರನಾಗಿ ಬಂದ ಶಾಯಿಸ್ತಾ ಖಾನ್ ಹೊಸ ದೋಣಿಗಳನ್ನು ಕಟ್ಟಿಸಿದ. 1663ರಲ್ಲಿ ಪುಣೆಯಲ್ಲಿ ಶಿವಾಜಿಯ ರಾತ್ರಿ ದಾಳಿಗೆ ಸಿಕ್ಕಿ ಬೆರಳು ಕಳೆದುಕೊಂಡವನು ಈತನೇ. ಆತ ಆಯುಧವನ್ನಷ್ಟೇ ನೆಚ್ಚಲಿಲ್ಲ. ಅರಾಕಾನಿನೊಡನೆ ಮನಸ್ತಾಪ ಬೆಳೆದಿದ್ದ ಫಿರಂಗಿಗಳನ್ನು ತನ್ನ ಕಡೆಗೆ ಸೆಳೆದುಕೊಂಡ. ಅರಾಕಾನ್ ಬಿಟ್ಟು ಹೊರಡುವಂತೆ ಡಚ್ಚರ ಮೇಲೂ ಒತ್ತಡ ತಂದ. 1666ರ ಜನವರಿಯಲ್ಲಿ ಅವನ ಮಗ ಬುಜುರ್ಗ್ ಉಮೇದ್ ಖಾನ್ ಚಿತ್ತಗಾಂಗನ್ನು ಗೆದ್ದ. ಅಲ್ಲಿ ಸೆರೆಯಲ್ಲಿದ್ದ ಅನೇಕ ಬಂಗಾಳಿ ರೈತರು ಬಿಡುಗಡೆಗೊಂಡು ಊರಿಗೆ ಮರಳಿದರೆಂದು ತಾಲಿಶ್ ದಾಖಲಿಸಿದ್ದಾನೆ.

ಆದರೂ ಪಾಳುಬಿದ್ದ ಹಳ್ಳಿಗಳೆಲ್ಲ ಕೂಡಲೇ ತುಂಬಲಿಲ್ಲ. 18ನೇ ಶತಮಾನದ ಉತ್ತರಾರ್ಧದಲ್ಲಿ ಜೇಮ್ಸ್ ರೆನೆಲ್ ರಚಿಸಿದ ಭೂಪಟದಲ್ಲಿ, ಸುಂದರಬನದ ಕಡೆಯ ಪ್ರದೇಶವೊಂದು ಮಗ್‌ಗಳ ಹಾವಳಿಯಿಂದ ನಿರ್ಜನವಾಯಿತೆಂಬ ಟಿಪ್ಪಣಿಯಿದೆ.

ಹೀಗೆ ಹೋದವರಲ್ಲಿ ಬಹುಪಾಲು ಜನರ ಹೆಸರೂ ಉಳಿದಿಲ್ಲ. ತನ್ನ ಕಥೆಯನ್ನು ತಾನೇ ಹೇಳಿಕೊಂಡವನು ಕವಿ ಆಲಾವೊಲ್. ತಂದೆಯೊಡನೆ ದೋಣಿಯಲ್ಲಿ ಹೋಗುತ್ತಿದ್ದಾಗ ಪೋರ್ಚುಗೀಸ್ ಕಡಲ್ಗಳ್ಳರು ಎರಗಿದರು. ಹೋರಾಟದಲ್ಲಿ ತಂದೆ ಮಡಿದ. ಮಗ ಅರಾಕಾನ್ ಸೇರಿ, ರಾಜನ ಸೇನೆಯಲ್ಲಿ ಸವಾರನಾದ. ಮುಂದೆ ಅಲ್ಲಿನ ಆಸ್ಥಾನಿಕರ ಆಶ್ರಯದಲ್ಲೇ ಜಾಯಸಿಯ ‘ಪದ್ಮಾವತ್’ ಕಾವ್ಯವನ್ನು ಆಧರಿಸಿ ಬಂಗಾಳಿಯಲ್ಲಿ ‘ಪದ್ಮಾವತಿ’ಯನ್ನು ರಚಿಸಿದ. ಮಧ್ಯಕಾಲೀನ ಬಂಗಾಳಿ ಸಾಹಿತ್ಯದ ಶ್ರೇಷ್ಠ ಕೃತಿಗಳಲ್ಲೊಂದು ಹೀಗೆ ಹುಟ್ಟಿದ್ದು ‘ಮಗ್‌ಗಳ ಮುಲುಕಿ’ನಲ್ಲೇ. ಬಂಗಾಳಿಗಳ ನುಡಿಗಟ್ಟಿನಲ್ಲಿ ಮಾತ್ರ ಆ ನಾಡಿಗೆ ಹಳೆಯ ಅಪಕೀರ್ತಿಯೇ ಉಳಿದುಕೊಂಡಿದೆ.