ಅವರು ಈಜುವ ನೀರು, ನಾವು ಕುಡಿಯುವ ನೀರು

ಸಿಂಧನೂರು, ಮಸ್ಕಿ, ಲಿಂಗಸುಗೂರಿನವರಿಗೆ ಕಡಲು ದೂರ. ಗೋಕರ್ಣ, ಮಲ್ಪೆ ಅಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಬೇಕು. ಹಾಗಾಗಿ ಭಾನುವಾರ ಬಂದರೆ ಈ ಸೀಮೆಯ ಹುಡುಗರ ಬೈಕುಗಳು ಗಂಗಾವತಿ ದಾಟಿ ಸಾಣಾಪುರ ಕೆರೆಯತ್ತ ತಿರುಗುತ್ತವೆ. ಸುತ್ತ ಬಂಡೆಗುಡ್ಡ, ನಡುವೆ ಅಗಾಧ ನೀರು, ದಡದಲ್ಲಿ ಹರಿಗೋಲು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರ ಮಾರ್ಚ್‌ನಲ್ಲಿ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳು ನೆಲಸಮವಾದ ಮೇಲೆ ಹಂಪಿ ನೋಡಲು ಬಂದವರ ದಟ್ಟಣೆಯೂ ಇತ್ತ ಸರಿದಿದೆ. ನಮ್ಮ ಪಾಲಿನ ಬೀಚ್ ಇದೇ.

ಆದರೆ ಸಾಣಾಪುರದ್ದು ಮಳೆ ನೀರಿನ ಊರಕೆರೆಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇಲ್ಲಿ ತಂಗಿ ಮುಂದೆ ಸಾಗುತ್ತದೆ. 227 ಕಿ.ಮೀ. ಉದ್ದದ ಈ ಕಾಲುವೆ ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ ಹರಿಯುತ್ತದೆ. ಅದೇ ನೀರು ನಮ್ಮ ಭತ್ತದ ಗದ್ದೆಗೂ ಬೇಕು, ಕುಡಿಯುವ ನೀರಿನ ಕೆರೆಗೂ ಬೇಕು. ಅಲ್ಲಿ ಸೋಪು ಹಚ್ಚಿ ಮೀಯುವವರು, ದಡದಲ್ಲಿ ಬಾಟಲಿ ಒಡೆಯುವವರು, ಶೌಚಾಲಯವಿಲ್ಲವೆಂದು ಬಂಡೆಯ ಮರೆಗೆ ಹೋಗುವವರು ಮಾಡುವುದೆಲ್ಲ ಇಲ್ಲಿನ ಮಕ್ಕಳ ಲೋಟಕ್ಕೆ ಬರುವ ನೀರಿನಲ್ಲೇ.

ಪ್ರವಾಸಿಗರನ್ನಷ್ಟೇ ದೂರಿದರೆ ನ್ಯಾಯವಾಗದು. ನೀರು ಸಾಣಾಪುರಕ್ಕೆ ಬರುವ ಮೊದಲೇ ಸಾಕಷ್ಟು ಕೆಟ್ಟಿರುತ್ತದೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತು ಭದ್ರೆಗೆ ಹೂಳಿನ ಹೊರೆ ಇಳಿಯಿತು, ನಿಜ. ಶಿವಮೊಗ್ಗ, ಭದ್ರಾವತಿ, ಹರಿಹರದಂಥ ಊರುಗಳ ಚರಂಡಿ ನೀರು ಮಾತ್ರ ಈಗಲೂ ನದಿಯ ಪಾಲು. ಹರಿಹರದ ಎದುರಿನ ಕುಮಾರಪಟ್ಟಣದ ಕಾರ್ಖಾನೆ ತ್ಯಾಜ್ಯದಿಂದ ಮೀನುಗಳು ರಾಶಿ ರಾಶಿ ಸತ್ತವೆಂದು 1980ರ ದಶಕದಲ್ಲೇ ಜನ ಹೋರಾಟಕ್ಕಿಳಿದಿದ್ದರು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಕಿಷ್ಕಿಂಧೆಯವರೆಗಿನ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟದ್ದೂ ಇದೇ ಸಂಕಟದಿಂದ.

ಈಚಿನ ವರ್ಷಗಳಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ತುಂಗಭದ್ರಾ ಜಲಾಶಯದ ನೀರು ಹಸಿರಾಗುವುದನ್ನು ಕಂಡಿದ್ದೇವೆ. ಹೊಲದ ಗೊಬ್ಬರ, ಊರಿನ ಚರಂಡಿ ತರುವ ಸಾರಜನಕ, ರಂಜಕ ನಿಂತ ನೀರಿನಲ್ಲಿ ಸೇರಿ, ಮೇಲೆ ಬಿಸಿಲು ಬಿದ್ದರೆ ನೀಲಿ-ಹಸಿರು ಪಾಚಿ ಉಕ್ಕುತ್ತದೆ. ಈ ಜಾತಿಯ ಕೆಲವು ಪಾಚಿ ಮೈಕ್ರೊಸಿಸ್ಟಿನ್ ಎಂಬ ವಿಷ ಬಿಡುತ್ತವೆ. ಅದು ಯಕೃತ್ತಿಗೆ ಪೆಟ್ಟು ಕೊಡುವಂಥದು. ಕುಡಿಯುವ ನೀರಿನ ಒಂದು ಲೀಟರ್‌ನಲ್ಲಿ ಮೈಕ್ರೊಸಿಸ್ಟಿನ್-ಎಲ್‌ಆರ್ 1 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನೊಂದು ಮಾತು ಪ್ರತಿ ಮನೆಯ ಹೆಂಗಸರಿಗೂ ಗೊತ್ತಿರಬೇಕು: ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಈ ವಿಷ ಹೋಗುವುದಿಲ್ಲ. ನಮ್ಮ ಓಣಿಗಳಲ್ಲಿ ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಎರಡು ದಿನಕ್ಕೆ ಬಟ್ಟೆ ಲೋಳೆಗಟ್ಟಿದರೆ ತೊಳೆದು ಮತ್ತೆ ಕಟ್ಟುತ್ತಾರೆ. ಬಟ್ಟೆ ಹಿಡಿಯುವುದು ಕಸವನ್ನು ಮಾತ್ರ.

ಕಾಲುವೆ ನಮ್ಮ ತಾಲ್ಲೂಕಿಗೆ ಬಂದ ಮೇಲೆ ನಾವೂ ಸುಮ್ಮನಿಲ್ಲ. ಭತ್ತಕ್ಕೆ ಎಣ್ಣೆ ಹೊಡೆದ ಪಂಪನ್ನು ಉಪಕಾಲುವೆಯಲ್ಲೇ ಅದ್ದಿ ತೊಳೆಯುತ್ತೇವೆ. ಖಾಲಿ ಡಬ್ಬಿ ಏರಿಯ ಮೇಲೆಯೇ ಬಿದ್ದಿರುತ್ತದೆ. ಟ್ರ್ಯಾಕ್ಟರ್ ತೊಳೆಯುವುದೂ ಅಲ್ಲೇ, ಎಮ್ಮೆಯ ಮೈ ತೊಳೆಯುವುದೂ ಅಲ್ಲೇ. ಮೇಲ್ಭಾಗದವರು ಹೊಲಸು ಮಾಡಿದ್ದಕ್ಕೆ ಸಿಟ್ಟಾಗುವ ನಾವು, ನಮಗಿಂತ ಕೆಳಗಿನ ಊರಿಗೆ ಮೇಲ್ಭಾಗದವರು ಎಂಬುದನ್ನು ಮರೆಯುತ್ತೇವೆ.

ಕಾಲುವೆ ಕೆಟ್ಟರೆ ಬೋರ್‌ವೆಲ್ ಇದೆಯಲ್ಲ ಎನ್ನುವಂತಿಲ್ಲ. ರಾಯಚೂರು ಜಿಲ್ಲೆಯ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ, ಉಪ್ಪಿದೆ. ಹಟ್ಟಿ-ಮಸ್ಕಿ ಚಿನ್ನದ ಪಟ್ಟಿಯ ಕಲ್ಲಿನಲ್ಲೇ ಆರ್ಸೆನಿಕ್ ಸೇರಿಕೊಂಡಿದೆ. ಕೃಷ್ಣೆಯ ಆಚೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ನೀರು ಕುಡಿದು ಚರ್ಮರೋಗಕ್ಕೆ ತುತ್ತಾದದ್ದು ವಿಜ್ಞಾನಿಗಳ ಅಧ್ಯಯನದಲ್ಲಿ ದಾಖಲಾಗಿದೆ. ಲಿಂಗಸುಗೂರಿನ ಕಡೆಯವರಿಗೆ ಕೃಷ್ಣೆ, ಸಿಂಧನೂರಿನ ಕಡೆಯವರಿಗೆ ತುಂಗಭದ್ರೆ. ಇವೆರಡನ್ನು ಬಿಟ್ಟರೆ ನಂಬುವಂಥ ನೀರು ಬೇರೆ ಇಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತರು. ಆ ಪಾಠ ಇಷ್ಟು ಬೇಗ ಮರೆಯುವಂಥದಲ್ಲ.

ಕರಾವಳಿಯಲ್ಲಿ ಒಂದು ಒಳ್ಳೆಯ ಮಾದರಿ ಇದೆ. ಕಾಸರಕೋಡು, ಪಡುಬಿದ್ರಿ ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದನ್ನು ಉಳಿಸಿಕೊಳ್ಳಬೇಕಾದರೆ ನೀರನ್ನು ತಪ್ಪದೆ ಪರೀಕ್ಷಿಸಿ ಫಲಿತಾಂಶವನ್ನು ಜನರ ಕಣ್ಣಿಗೆ ಬೀಳುವಂತೆ ಹಾಕಬೇಕು. ಅಲ್ಲಿನದು ಬರೀ ಮೀಯುವ ಉಪ್ಪು ನೀರು. ಕುಡಿಯುವ ನೀರಿಗೆ ಅಷ್ಟಾದರೂ ಬೇಡವೇ? ಸಾಣಾಪುರದ ದಡದಲ್ಲಿ ಶೌಚಾಲಯ, ಕಸದ ತೊಟ್ಟಿ, ಸೋಪಿಗೆ ಕಡ್ಡಾಯ ನಿಷೇಧ, ರೆಸಾರ್ಟ್‌ಗಳ ಚರಂಡಿಯ ಮೇಲೆ ನಿಗಾ, ಇವು ಕೋಟಿಗಟ್ಟಲೆ ಹಣದ ಕೆಲಸಗಳಲ್ಲ. ಹರಿಗೋಲು ನಂಬಿದವರ ಹೊಟ್ಟೆಯ ಮೇಲೆ ಹೊಡೆಯಬೇಕಾಗಿಯೂ ಇಲ್ಲ. ನೀರು ಕೆಟ್ಟರೆ ಮೊದಲು ನಿಲ್ಲುವುದು ಅವರ ದುಡಿಮೆಯೇ.

ಬೇಸಿಗೆಗೆ ಕಾಲುವೆ ಬಂದ್ ಆಗುವ ಮುನ್ನ ನಮ್ಮ ಊರುಗಳು ಕೆರೆ ತುಂಬಿಸಿಕೊಳ್ಳುತ್ತವೆ. ಆಗ ತುಂಬಿದ ನೀರನ್ನೇ ತಿಂಗಳುಗಟ್ಟಲೆ ಕುಡಿಯಬೇಕು. ಆ ಹೊತ್ತಿನಲ್ಲಿ ಪಾಚಿ ವಿಷಕ್ಕೂ ಕೀಟನಾಶಕಕ್ಕೂ ಪರೀಕ್ಷೆ ಮಾಡಿಸಿ, ವರದಿಯನ್ನು ಕನ್ನಡದಲ್ಲಿ ಬರೆದು ಸಿಂಧನೂರು ನಗರಸಭೆ, ಮಸ್ಕಿ ಮತ್ತು ಲಿಂಗಸುಗೂರು ಪುರಸಭೆಗಳು ತಮ್ಮ ಗೋಡೆಗೆ ಹಚ್ಚಲಿ. ಹಚ್ಚದಿದ್ದರೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆದು ಕೇಳಿ. ಮುಂದಿನ ಭಾನುವಾರ ಸಾಣಾಪುರಕ್ಕೆ ಹೋಗುವ ಹುಡುಗರೇ, ಸೋಪು, ಶಾಂಪೂ ಮನೆಯಲ್ಲೇ ಬಿಟ್ಟು ಹೋಗಿ, ಒಯ್ದ ಬಾಟಲಿ ವಾಪಸ್ ತನ್ನಿ.